ಥ್ರೆಷರ್ ನೌಕೆಯು ಮೇಲಕ್ಕೇಕೆ ಬರಲಿಲ್ಲ?

ಜಲಾಂತರ್ಗಾಮಿ ನೌಕೆಯು ಮುಳುಗುವುದೂ ಏಳುವುದೂ ಆರ್ಕಿಮಿಡೀಸನ ತತ್ತ್ವಕ್ಕೆ ಅನುಸಾರವಾಗಿಯೇ. ತೊಟ್ಟಿಗಳಿಗೆ ಸಮುದ್ರದ ನೀರನ್ನು ಬಿಟ್ಟುಕೊಂಡರೆ ತೂಕ ಹೆಚ್ಚಿ ಮುಳುಗುತ್ತದೆ. ಅದುಮಿಟ್ಟ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ಇಷ್ಟು ಸರಳವಾದ ಉಪಾಯವು ೧೯೬೩ರ ಏಪ್ರಿಲ್ ೧೦ರಂದು ಅಮೆರಿಕದ ‘ಥ್ರೆಷರ್’ ನೌಕೆಯನ್ನು ಕೈಬಿಟ್ಟಿತು. ಅದರಲ್ಲಿದ್ದ ೧೨೯ ಮಂದಿಯೂ ಮಡಿದರು. ಕಾರಣವೇನೆಂಬುದನ್ನು ವಿಚಾರಿಸೋಣ.

ಮೇನ್ ಸಂಸ್ಥಾನದ ಕಿಟರಿಯಲ್ಲಿ ೧೯೫೮ರಲ್ಲಿ ಇದರ ನಿರ್ಮಾಣವು ಆರಂಭವಾಗಿ, ೧೯೬೧ರ ಆಗಸ್ಟಿನಲ್ಲಿ ನೌಕೆಯು ಸೇವೆಗೆ ಸೇರಿತು. ಶತ್ರುಗಳ ಜಲಾಂತರ್ಗಾಮಿಗಳನ್ನು ಬೇಟೆಯಾಡುವುದೇ ಇದರ ಮುಖ್ಯ ಕೆಲಸ. ಆದಕಾರಣ ಮೂತಿಯಲ್ಲಿ ಗೋಳಾಕಾರದ ಸೋನಾರ್ ಕಿವಿಯನ್ನಿಟ್ಟು, ಟಾರ್ಪೆಡೋ ಕೊಳವೆಗಳನ್ನು ನಡುಭಾಗಕ್ಕೆ ಸರಿಸಿದ್ದರು. ೧,೩೦೦ ಅಡಿಗಳ ಆಳಕ್ಕೆ ಇಳಿಯಬಲ್ಲುದಾಗಿತ್ತು. ಅಲ್ಲಿ ನೀರಿನ ಒತ್ತಡವು ವಾತಾವರಣದ ಒತ್ತಡದ ಸುಮಾರು ೪೦ ಪಟ್ಟು!

ಪರಮಾಣು ಕುಲುಮೆಯ ಶಾಖದಿಂದ ಹುಟ್ಟಿದ ಹಬೆಯನ್ನು ಮತ್ತೆ ನೀರಾಗಿಸಲು ಸಮುದ್ರದ ನೀರು ಬೇಕು. ಅದನ್ನು ಒಳತರುವ ಕೊಳವೆಗಳು ಹೊರಗಿನ ಒತ್ತಡವನ್ನೆಲ್ಲ ನೌಕೆಯೊಳಗೇ ತಡೆದುಕೊಳ್ಳಬೇಕು. ಇಂತಹ ಅನೇಕ ಕೊಳವೆಗಳ ಸಂದುಗಳು ಬೆಳ್ಳಿಯ ಬೆಸುಗೆಯವು. ೧೯೬೨–೬೩ರ ದುರಸ್ತಿಯಲ್ಲಿ ೧೪೫ ಸಂದುಗಳನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸಿದಾಗ ನೂರಕ್ಕೆ ಸುಮಾರು ೧೪ರಷ್ಟು ಮಟ್ಟಕ್ಕೆ ಬರಲಿಲ್ಲ. ಉಳಿದ ಬಹುಸಂಖ್ಯೆಯ ಸಂದುಗಳನ್ನು ನೋಡದೆಯೇ ನೌಕೆಯನ್ನು ಹೊರಡಿಸಿದ್ದು ನಮಗೆ ಕ್ಷಮ್ಯವೆಂದು ತೋರುವುದಿಲ್ಲ.

ದುರಸ್ತಿಯ ಬಳಿಕ, ಕೇಪ್ ಕಾಡ್‌ನ ಪೂರ್ವದ ಕಡಲಿನಲ್ಲಿ ಆಳದ ಪರೀಕ್ಷೆ ನಡೆಯಿತು. ಬೆಳಿಗ್ಗೆ ೯ ಗಂಟೆ ೧೩ ನಿಮಿಷದ ಸುಮಾರಿಗೆ, ಸ್ವಲ್ಪ ತೊಂದರೆಯಿದೆ, ತೊಟ್ಟಿಯ ನೀರನ್ನು ಹೊರದೂಡಲು ಯತ್ನಿಸುತ್ತಿದ್ದೇವೆ ಎಂಬರ್ಥದ ಸಂದೇಶವು ಜೊತೆಗಿದ್ದ ‘ಸ್ಕೈಲಾರ್ಕ್’ ಹಡಗಿಗೆ ತಲುಪಿತು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಕೊಳವೆಯೊಂದು ಒಡೆದು, ಚಿಮ್ಮಿದ ನೀರು ವಿದ್ಯುತ್ ಸಲಕರಣೆಗಳನ್ನು ಕೆಡಿಸಿ, ಕುಲುಮೆಯು ತಾನಾಗಿಯೇ ನಿಂತಿರಬೇಕೆಂದು ವಿಚಾರಣಾ ಮಂಡಲಿಯು ಊಹಿಸಿತು. (ವಿದ್ಯುತ್ತಿನ ದೋಷವೇ ಮೊದಲಿನದೆಂದು ವಾದಿಸುವವರೂ ಇದ್ದಾರೆ.) ಕುಲುಮೆಯನ್ನು ಮತ್ತೆ ನಡೆಸಲು ಹಲವು ನಿಮಿಷಗಳು ಬೇಕು. ಉಳಿದ ಆಸರೆಯೆಂದರೆ ಗಾಳಿಯೊಂದೇ.

ಸೈಕಲ್ಲಿನ ಟ್ಯೂಬಿನಿಂದ ಗಾಳಿಯನ್ನು ಒಮ್ಮೆಲೇ ಬಿಟ್ಟಾಗ ಅದು ಬೆರಳಿಗೆ ತಣ್ಣಗೆ ತಗಲುವುದನ್ನು ವಾಚಕರು ಬಲ್ಲರು. ಹಠಾತ್ತನೆ ಹಿಗ್ಗುವ ಗಾಳಿಗೆ ಹೊರಗಿನಿಂದ ಶಾಖವನ್ನು ಪಡೆಯಲು ಅವಕಾಶವಿಲ್ಲ. ತನ್ನ ಶಕ್ತಿಯನ್ನೇ ವ್ಯಯಿಸಿ ತಣ್ಣಗಾಗುತ್ತದೆ. ಥ್ರೆಷರಿನ ಗಾಳಿಯಾದರೋ ವಾತಾವರಣದ ಸುಮಾರು ೩೦೦ ಪಟ್ಟು ಒತ್ತಡದಲ್ಲಿತ್ತು, ತೇವವೂ ಸೇರಿತ್ತು. ಕವಾಟಗಳ ಬಳಿ ಕಸವನ್ನು ತಡೆಯಲೆಂದು ಸಣ್ಣ ಕಣ್ಣಿನ ಜಾಲರಿಗಳನ್ನಿಟ್ಟಿದ್ದರು. ತರುವಾಯ ಇದೇ ವರ್ಗದ ‘ಟಿನೋಸಾ’ದಲ್ಲಿ ದಡದ ಬಳಿಯೇ ಪರೀಕ್ಷಿಸಿದಾಗ ಆ ಜಾಲರಿಗಳ ಮೇಲೆ ಮಂಜುಗಡ್ಡೆ ಕಟ್ಟಿ, ಗಾಳಿಯ ಹರಿವೇ ನಿಂತುಹೋಯಿತು! ಯಂತ್ರವನ್ನು ಕಸದಿಂದ ಕಾಯಲು ಇಟ್ಟ ಜಾಲರಿಯೇ ಮನುಷ್ಯರ ದಾರಿಯನ್ನು ಮುಚ್ಚಿತ್ತು.

ನೌಕೆಯ ಚೂರುಗಳು ಸುಮಾರು ೮,೪೦೦ ಅಡಿಗಳ ಆಳದಲ್ಲಿ ಬಿದ್ದಿವೆ. ೧೯೬೩ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾದಳವು ‘ಸಬ್‌ಸೇಫ್’ ಎಂಬ ಕಟ್ಟುನಿಟ್ಟಾದ ತಪಾಸಣಾ ಕ್ರಮವನ್ನು ಆರಂಭಿಸಿತು. ತುರ್ತಿನಲ್ಲಿ ಗಾಳಿಯನ್ನು ತೊಟ್ಟಿಗಳಿಗೆ ವೇಗವಾಗಿ ನುಗ್ಗಿಸುವ ಹೊಸ ಏರ್ಪಾಡೂ ಬಂದಿತು. ಆ ಬಳಿಕ ಆ ದಳವು ಕಳೆದುಕೊಂಡ ಜಲಾಂತರ್ಗಾಮಿ ಒಂದೇ, ೧೯೬೮ರಲ್ಲಿ ಮುಳುಗಿದ ‘ಸ್ಕಾರ್ಪಿಯನ್’. ಅದಕ್ಕೆ ಸಬ್‌ಸೇಫ್ ಪ್ರಮಾಣಪತ್ರವು ದೊರೆತಿರಲಿಲ್ಲ.