ಪಡಸಾಲೆಯ ರಾಮಾಯಣ

ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಗೆ ದೂರದರ್ಶನದ ಪೆಟ್ಟಿಗೆಯು ಮೊದಮೊದಲು ಓಣಿಗೊಂದರಂತೆ ಬಂದಿತು. 1987ರ ಜನವರಿ 25ರಂದು ರಮಾನಂದ ಸಾಗರರ ‘ರಾಮಾಯಣ’ವು ಆರಂಭವಾದ ಮೇಲಂತೂ ರವಿವಾರ ಮುಂಜಾನೆ ಆ ಮನೆಯ ಪಡಸಾಲೆಯು ಊರವರದಾಗುತ್ತಿತ್ತು. ಮಾಳಿಗೆಯ ಮೇಲೆ ಹುಡುಗನೊಬ್ಬನು ಆಂಟೆನಾ ತಿರುಗಿಸುತ್ತ ‘ಬಂತೇನು?’ ಎಂದು ಕೂಗುವನು. ಒಳಗಿನಿಂದ ‘ಬಂತು, ಬಂತು... ಹೋತು!’ ಎಂಬ ಉತ್ತರ. ಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿದವರೂ ಉಂಟು.

ರಾಮನು ಆಡುತ್ತಿದ್ದುದು ಹಿಂದಿ; ಕುಳಿತವರಲ್ಲಿ ಬಹುಮಂದಿಗೆ ಅದು ತಿಳಿಯದು. ಹಿಂದಿ ಬಲ್ಲ ಸಾಲೆಯ ಮಾಸ್ತರರು ನಡುನಡುವೆ ಅರ್ಥ ಹೇಳುವರು. ಕಥೆ ಬಲ್ಲ ಮುದುಕಿಯರು ಮುಂದಿನದನ್ನು ಮೊದಲೇ ಹೇಳಿಬಿಡುವರು. ಒಬ್ಬರು ಓದಿ ಇನ್ನೊಬ್ಬರು ಅರ್ಥ ಬಿಡಿಸುವ ನಮ್ಮ ಪುರಾಣವಾಚನದ ಪದ್ಧತಿಯೇ ಇದು. ಗದುಗಿನ ಭಾರತವನ್ನು ಹೀಗೆ ಕೇಳಿ ಬಲ್ಲ ನಾಡಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಎಲ್ಲರೂ ಒಳಗೆ ಕುಳಿತರೆಂದು ಹೇಳಲಾರೆ. ಹೊಸ್ತಿಲ ಹೊರಗೆ, ಕಿಟಕಿಯ ಸರಳು ಹಿಡಿದು ನಿಂತು ನೋಡಿದವರಿದ್ದರು. ಅವರೇಕೆ ಒಳಗೆ ಬರಲಿಲ್ಲವೆಂಬುದನ್ನು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ.

1994ರಲ್ಲಿ ಉದಯ ಟಿವಿ ಬಂದ ಮೇಲೆ ಅರ್ಥ ಹೇಳುವ ಮಾಸ್ತರರ ಅಗತ್ಯವು ಕಡಿಮೆಯಾಯಿತು. ಹೊರಗೆ ನಿಂತವರ ಮನೆಗಳಿಗೂ ಕ್ರಮೇಣ ಪೆಟ್ಟಿಗೆ ಬಂದಿತು. ಆ ಹಳೆಯ ಪಡಸಾಲೆಗಾಗಿ ಅವರು ನಮ್ಮಂತೆ ಹಂಬಲಿಸುವರೆಂದು ನಾನು ನಂಬಲಾರೆ.