ಮನೆಯ ದನಿಗೊಂದು ಹಗೇವು

ಮಲಪ್ರಭೆಯ ದಂಡೆಯ ಎರೆಭೂಮಿಯಲ್ಲಿ ಜೋಳ ಬೆಳೆಯುವವನಿಗೆ ಬೆಳೆಯುವುದು ಒಂದು ಚಿಂತೆಯಾದರೆ, ಬೆಳೆದುದನ್ನು ಕಾಯುವುದು ಅದಕ್ಕಿಂತ ದೊಡ್ಡ ಚಿಂತೆ. ಅದಕ್ಕೆಂದೇ ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿದರು. ಎಲ್ಲಿ ತೋಡಬೇಕು, ಸುತ್ತಲೂ ಎಷ್ಟು ಹುಲ್ಲು ಹಾಸಬೇಕು, ಬಾಯಿಗೆ ಎಂಥ ಕಲ್ಲು ಮುಚ್ಚಬೇಕು ಎಂಬುದೆಲ್ಲ ಅವರಿಗೆ ಒಂದು ಶಾಸ್ತ್ರವೇ ಆಗಿತ್ತು. ಇಂದು ಅದೇ ಮುನವಳ್ಳಿಯ ಮನೆಗಳಲ್ಲಿ ಬೇರೊಂದು ಬಗೆಯ ಕಾಳು ಬೆಳೆದು ನಿಂತಿದೆ. ಅದಕ್ಕೆ ಹಗೇವು ಇನ್ನೂ ಸಿದ್ಧವಾಗಿಲ್ಲ.

ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ನೋಡಿದರೆ ಸಾಕು. ಕ್ಯಾಸೆಟ್ಟುಗಳು, ಮದುವೆಯ ವಿಡಿಯೊ ಸುರುಳಿಗಳು, ಅಲ್ಲೊಂದು ಇಲ್ಲೊಂದು ಸೀಡಿ, ಕೆಟ್ಟುಹೋದ ಮೂರು ಮೊಬೈಲುಗಳು. ಕ್ಯಾಸೆಟ್ಟುಗಳಲ್ಲಿ ಕೆಲವು ಅಂಗಡಿಯಿಂದ ತಂದವು. ಅವುಗಳ ವಿಷಯದಲ್ಲಿ ಹೆಚ್ಚು ಕಳವಳ ಬೇಡ. ಮುರಗೋಡದಲ್ಲಿ ಹುಟ್ಟಿ ನಾಡೆಲ್ಲ ಹಾಡಿದ ಹುಕ್ಕೇರಿ ಬಾಳಪ್ಪನವರ ಕಂಠವನ್ನಾಗಲಿ, ಮನಸೂರ ಮಲ್ಲಿಕಾರ್ಜುನರ ಖಯಾಲನ್ನಾಗಲಿ ಕಾದಿಡಲು 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಯಿದೆ, ರಸಿಕರಿದ್ದಾರೆ, ಸಂಗ್ರಾಹಕರಿದ್ದಾರೆ. ಆದರೆ ಅದೇ ಟ್ರಂಕಿನಲ್ಲಿ ಅಜ್ಜಿ ಹಾಡಿದ ಬೀಸುವ ಕಲ್ಲಿನ ಪದ ಇರುತ್ತದೆ. ಓಣಿಯ ಭಜನಾ ಮೇಳ ಶ್ರಾವಣದಲ್ಲಿ ಬೆಳತನಕ ಹಾಡಿದ ತತ್ವಪದ ಇರುತ್ತದೆ. ಜಾತ್ರೆಯ ರಾತ್ರಿ ಯಾರೋ ತುಂಬಿಕೊಂಡ ‘ಸಂಗ್ಯಾ ಬಾಳ್ಯಾ’ದ ಅರ್ಧ ಆಟ ಇರುತ್ತದೆ. ಇವುಗಳಿಗೆ ಜಗತ್ತಿನಲ್ಲಿ ಒಂದೇ ಪ್ರತಿ. ಆ ಟೇಪು ಹೋದರೆ ಅಜ್ಜಿಯ ದನಿ ಎರಡನೆಯ ಸಲ ತೀರಿಹೋದಂತೆ.

ಟೇಪು ಹೋಗುತ್ತಲೇ ಇದೆ. ಕ್ಯಾಸೆಟ್ಟು 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಸಾಧನ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಲೇಪಿಸಿದ ಕಾಂತಕಣಗಳೇ ಅದರ ಅಕ್ಷರ. ಶೆಕೆ, ತೇವ, ಬೂಸು ಮೂರೂ ಅದಕ್ಕೆ ವೈರಿಗಳು. ಟೇಪು ಉಳಿದರೂ ಅದನ್ನು ಓದುವ ಯಂತ್ರ ಉಳಿಯುವುದಿಲ್ಲ. ವಿಡಿಯೊ ಸುರುಳಿ ಓಡಿಸುವ ಯಂತ್ರವನ್ನು ಕೊನೆಯದಾಗಿ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಆ ಕೆಲಸ ನಿಲ್ಲಿಸಿತು. ನಮ್ಮ ಪಂಚಲಿಂಗೇಶ್ವರ ಗುಡಿಯ ಸೇವುಣರ ಕಾಲದ ಶಾಸನಕ್ಕೆ ಓದುವ ಕಣ್ಣೊಂದಿದ್ದರೆ ಸಾಕು. ಟೇಪಿಗೆ ಮಾತ್ರ ಯಂತ್ರ ಬೇಕು, ಯಂತ್ರಕ್ಕೆ ರಬ್ಬರಿನ ಪಟ್ಟಿ ಬೇಕು, ಪಟ್ಟಿ ಕಟ್ಟುವ ರಿಪೇರಿಯವನು ಬೇಕು.

ಆದ್ದರಿಂದ ದನಿಯನ್ನೂ ಚಿತ್ರವನ್ನೂ ಅಂಕಿಗಳಾಗಿಸಿ ಕಂಪ್ಯೂಟರಿನಲ್ಲಿ ತುಂಬುವುದೇ ಉಳಿದ ದಾರಿ. ಮನೆಯ ಒಂದು ಮೂಲೆಯಲ್ಲಿ ಒಂದು ಯಂತ್ರ, ಅದರೊಳಗೆ ಹಾರ್ಡ್ ಡಿಸ್ಕುಗಳು. ಮನೆಯ ವೈಫೈ ಮುಖಾಂತರ ಪಡಸಾಲೆಯ ಟೀವಿಯಲ್ಲಾಗಲಿ ಮಗಳ ಮೊಬೈಲಿನಲ್ಲಾಗಲಿ ಬೇಕಾದ ಹಾಡನ್ನು ಅದು ಕಳಿಸಿಕೊಡಬೇಕು. ಇದಕ್ಕೆ ಸರ್ವರ್ ಎಂದು ಹೆಸರು. ಹೆಸರು ದೊಡ್ಡದಾದರೂ ಅದರ ಕೆಲಸ ಮನೆಯ ಉಗ್ರಾಣಿಯದು: ಕೇಳಿದ್ದನ್ನು ತೆಗೆದುಕೊಡುವುದು, ಕೊಟ್ಟದ್ದನ್ನು ಇಟ್ಟುಕೊಳ್ಳುವುದು.

ಎಷ್ಟು ಜಾಗ ಬೇಕು? ಇಲ್ಲಿ ಬಹಳ ಜನ ಲೆಕ್ಕ ಹಾಕದೆ ಅಂಗಡಿಗೆ ಹೋಗುತ್ತಾರೆ. ಸೀಡಿಯ ಗುಣಮಟ್ಟದಲ್ಲಿ ತುಂಬಿದರೆ ಒಂದು ತಾಸಿನ ದನಿಗೆ ಸುಮಾರು 635 ಎಂ.ಬಿ. ಬೇಕು. ಮನೆಯಲ್ಲಿ ಒಂದೂವರೆ ತಾಸಿನ 40 ಕ್ಯಾಸೆಟ್ಟುಗಳಿವೆ ಎಂದಿಟ್ಟುಕೊಂಡರೆ ಒಟ್ಟು 38 ಜಿ.ಬಿ. ದನಿ ಒಂದಿಷ್ಟೂ ಕೆಡದಂತೆ ಮಡಚುವ ಫ್ಲ್ಯಾಕ್ ಎಂಬ ಕ್ರಮವನ್ನು ಅನುಸರಿಸಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಂದರೆ ಒಂದು ತಲೆಮಾರಿನ ಹಾಡೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ! ಜಾಗ ತಿನ್ನುವುದು ಚಿತ್ರ. ಹಳೆಯ ವಿಡಿಯೊ ಸುರುಳಿಯನ್ನು ಡೀವಿ ಕ್ರಮದಲ್ಲಿ ಇಳಿಸಿಕೊಂಡರೆ ತಾಸಿಗೆ 13 ಜಿ.ಬಿ.; ಮೂರು ತಾಸಿನ ಹತ್ತು ಮದುವೆಗಳಿಗೆ 390 ಜಿ.ಬಿ. ಅದರ ಮೇಲೆ ವರ್ಷವರ್ಷವೂ ಬೆಳೆಯುವ ಮೊಬೈಲಿನ ಚಿತ್ರಗಳು. ಇದೆಲ್ಲ ಸೇರಿದರೂ ಸಾಮಾನ್ಯ ಮನೆಗೆ 2 ಟಿ.ಬಿ. ಸಾಕು, 4 ಟಿ.ಬಿ. ಧಾರಾಳ. 1956ರಲ್ಲಿ ಐಬಿಎಂ ಕಂಪನಿ ತಯಾರಿಸಿದ ಮೊದಲ ಡಿಸ್ಕ್ ಯಂತ್ರ ಎರಡಡಿ ಅಗಲದ 50 ತಟ್ಟೆಗಳನ್ನು ಹೊತ್ತು ಐವತ್ತು ಲಕ್ಷ ಅಕ್ಷರಗಳನ್ನಷ್ಟೇ ಹಿಡಿಯುತ್ತಿತ್ತು ಎಂಬುದನ್ನು ನೆನೆದರೆ ನಮ್ಮ ಬಡತನವೆಲ್ಲ ಜಾಗದ್ದಲ್ಲ ಎಂಬುದು ತಿಳಿದೀತು. ಹದಿನಾರು ಟಿ.ಬಿ.ಯ ಒಂದೇ ಡಿಸ್ಕು ಕೊಳ್ಳುವ ಹಣದಲ್ಲಿ ನಾಲ್ಕು ಟಿ.ಬಿ.ಯ ಎರಡೋ ಮೂರೋ ಕೊಳ್ಳುವುದು ಲೇಸು.

ಡಿಸ್ಕಿನಲ್ಲಿಯೂ ಜಾತಿಗಳಿವೆ. ಕೆಲವು ಡಿಸ್ಕುಗಳಲ್ಲಿ ಬರವಣಿಗೆಯ ಪಟ್ಟಿಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿರುತ್ತವೆ, ಇದಕ್ಕೆ ಸಿ.ಎಂ.ಆರ್. ಎನ್ನುತ್ತಾರೆ. ಇನ್ನು ಕೆಲವು ಹಂಚಿನ ಮಾಡಿನಂತೆ: ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿ ಜಾಗ ಉಳಿಸುತ್ತಾರೆ. ಇದು ಎಸ್.ಎಂ.ಆರ್. ಹಂಚು ಹೊದಿಸಿದವರಿಗೆ ಗೊತ್ತು, ನಡುವಿನ ಒಂದನ್ನು ಬದಲಿಸಬೇಕಾದರೆ ಮೇಲಿನ ಸಾಲನ್ನೇ ಎತ್ತಬೇಕು. ಹಾಗೆಯೇ ಈ ಡಿಸ್ಕು ಒಮ್ಮೆ ತುಂಬಿ ಸುಮ್ಮನೆ ಇಡುವುದಕ್ಕೆ ಚೆನ್ನು. ದಿನವೂ ಬರೆದು ಅಳಿಸುವ, ಜೋಡಿ ಡಿಸ್ಕುಗಳಿಂದ ದುಡಿಯುವ ಯಂತ್ರದಲ್ಲಿ ಬಹಳ ನಿಧಾನ. ಕೊಳ್ಳುವಾಗ ಇದು ಯಾವ ಜಾತಿಯದೆಂದು ಕೇಳಲೇಬೇಕು. ಎಸ್.ಎಸ್.ಡಿ.ಗೆ ತಿರುಗುವ ತಟ್ಟೆಯಿಲ್ಲ, ಸದ್ದಿಲ್ಲ. ಆದರೆ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಟ್ರಂಕಿನಲ್ಲಿ ಬಿದ್ದರೆ ಅದರ ನೆನಪು ಮಸುಕಾಗುವ ಅಪಾಯವುಂಟು. ಬೀರುವಿನಲ್ಲಿಡುವ ಪ್ರತಿಗೆ ಅದು ತಕ್ಕುದಲ್ಲ.

ಇನ್ನು ಯಂತ್ರ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದರೆ ಹೊಸದೇಕೆ ಎಂಬುದು ನನ್ನ ಅಭಿಪ್ರಾಯ. ಹಾಡು ಕಳಿಸಲು ಭಾರಿ ಪ್ರೊಸೆಸರ್ ಬೇಡ. ಅದು ವಿದ್ಯುತ್ತನ್ನು ಕುಡಿಯುತ್ತದೆ ಎಂದು ಆಕ್ಷೇಪಿಸುವವರುಂಟು. ಅದು ನಿಜವೇ. 50 ವಾಟಿನ ಯಂತ್ರ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 438 ಯುನಿಟ್ಟು. ರಾಸ್‌ಬೆರಿ ಪೈಯಂಥ ಅಂಗೈಯಗಲದ ಫಲಕವಾಗಲಿ, ಎರಡು ಡಿಸ್ಕಿನ ಸಿದ್ಧ ಪೆಟ್ಟಿಗೆಯಾಗಲಿ 15 ವಾಟಿನಲ್ಲಿ ನಡೆದರೆ ಸುಮಾರು 131. ಆದರೆ ಹಗಲೂ ರಾತ್ರಿ ಓಡಬೇಕೆಂದು ಹೇಳಿದವರಾರು? ಸಂಜೆ ಎರಡು ತಾಸು ಹಚ್ಚಿ ಆರಿಸಿದರೆ ಹಳೆಯ ಯಂತ್ರವೂ ವರ್ಷಕ್ಕೆ 37 ಯುನಿಟ್ಟಿನೊಳಗೆ ಮುಗಿಯುತ್ತದೆ. ಮಹಾನಗರದ ಹವ್ಯಾಸಿಗಳ ಪದ್ಧತಿಯನ್ನು ಮುನವಳ್ಳಿಯ ಮನೆ ಕುರುಡಾಗಿ ಅನುಸರಿಸಬೇಕಾಗಿಲ್ಲ. ಯಂತ್ರ ಚಿಲ್ಲರೆ ಖರ್ಚಿನದು. ಡಿಸ್ಕು ಮತ್ತು ಯುಪಿಎಸ್‌ನಲ್ಲಿ ಮಾತ್ರ ಜಿಪುಣತನ ಸಲ್ಲದು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಿಸ್ಕಿನ ಲೆಕ್ಕ ತಪ್ಪಬಹುದು. ಯಂತ್ರವನ್ನು ಕ್ರಮವಾಗಿ ಆರಿಸುವಷ್ಟು ಹೊತ್ತು ತಾಳುವ ಸಣ್ಣ ಯುಪಿಎಸ್ ಸಾಕು. ಅರ್ಥಿಂಗ್ ಸರಿಯಿರಲಿ. ಎರೆಮಣ್ಣಿನ ಧೂಳು ಫ್ಯಾನಿಗೆ ಅಂಟಿಕೊಂಡು ಒಳಗೆ ಕಾವು ಏರಿಸುತ್ತದೆ, ತಿಂಗಳಿಗೊಮ್ಮೆ ಒರೆಸಬೇಕು.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಡಿಸ್ಕು ಪೂರ್ತಿ ಕೆಡದೆಯೂ ಅದರಲ್ಲಿಯ ಒಂದೆರಡು ಅಂಕಿ ಸದ್ದಿಲ್ಲದೆ ಬದಲಾಗಬಹುದು. ಹಳೆಯ ಅಡತಿ ಅಂಗಡಿಯ ಗುಮಾಸ್ತ ಕಿರ್ದಿಯ ಪ್ರತಿ ಪುಟದ ಕೆಳಗೆ ಬೇರೀಜು ಬರೆಯುತ್ತಿದ್ದ. ಯಾರಾದರೂ ಅಂಕಿ ತಿದ್ದಿದರೆ ಬೇರೀಜು ತಾಳೆಯಾಗದೆ ಕಳವು ಸಿಕ್ಕಿಬೀಳುತ್ತಿತ್ತು. ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಗಳು ಮಾಡುವುದು ಇದನ್ನೇ. ಅವು ಪ್ರತಿಯೊಂದು ತುಂಡಿಗೂ ಬೇರೀಜು ಇಟ್ಟುಕೊಂಡು, ತಪ್ಪು ಕಂಡರೆ ಜೋಡಿ ಡಿಸ್ಕಿನಿಂದ ಸರಿಯಾದುದನ್ನು ತಂದು ತಿದ್ದುತ್ತವೆ. ಉಚಿತವಾಗಿಯೇ ದೊರೆಯುವ ಈ ಸೌಲಭ್ಯವನ್ನು ಬಿಡುವುದು ಜಾಣತನವಲ್ಲ.

ಜೋಡಿ ಡಿಸ್ಕು ಎಂದೆನಷ್ಟೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, ಅಗ್ಗದ ಡಿಸ್ಕುಗಳನ್ನೇ ಕೂಡಿಸಿ ದುಡಿಸಿದರೆ ದುಬಾರಿಯ ಒಂದಕ್ಕಿಂತ ಮೇಲು ಎಂದು ತೋರಿಸಿದರು. ಇದೇ ರೇಡ್. ಅದರ ಅತ್ಯಂತ ಸರಳ ರೂಪ ಕನ್ನಡಿ: ಒಂದರಲ್ಲಿ ಬರೆದದ್ದು ಆಗಲೇ ಇನ್ನೊಂದರಲ್ಲಿಯೂ ಬರೆಯಲ್ಪಡುತ್ತದೆ, ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ. ಇಷ್ಟು ಕೇಳಿದ ಕೂಡಲೇ ಜನ ನಿಶ್ಚಿಂತರಾಗಿಬಿಡುತ್ತಾರೆ. ಆದರೆ ಕನ್ನಡಿಯಲ್ಲಿ ಕಾಣುವುದು ಎರಡನೆಯ ಮುಖವಲ್ಲ. ಮೊಮ್ಮಗ ಆಟವಾಡುತ್ತ ಅಜ್ಜಿಯ ಹಾಡನ್ನು ಅಳಿಸಿದರೆ ಅದು ಎರಡರಲ್ಲಿಯೂ ಅದೇ ಕ್ಷಣಕ್ಕೆ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡಕ್ಕೂ ಹೊಡೆಯುತ್ತದೆ.

ನೀರು ಬಂದರೂ ಅಷ್ಟೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟು ತುಂಬಿ ಹೊರಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳ ತಗ್ಗಿನ ಓಣಿಗಳನ್ನು ಹೊಕ್ಕದ್ದು ನಮ್ಮ ಕಣ್ಣ ಮುಂದಿನ ಮಾತು. ಅಂಥ ದಿನ ಜನ ಮಕ್ಕಳನ್ನೂ ಮುದುಕರನ್ನೂ ದನಕರುಗಳನ್ನೂ ಎತ್ತರಕ್ಕೆ ಸಾಗಿಸುತ್ತಾರೆ. ಮೂಲೆಯ ಕಬ್ಬಿಣದ ಪೆಟ್ಟಿಗೆಯನ್ನು ಯಾರು ನೆನೆಯುತ್ತಾರೆ? ನೆನೆಯಬೇಕಾಗಿಯೂ ಇಲ್ಲ, ಅದರ ಪ್ರತಿಯೊಂದು ಬೇರೆ ಊರಿನಲ್ಲಿದ್ದರೆ.

ಇದನ್ನು ನಮಗೆ ಯಾವ ಬರ್ಕ್ಲಿಯವರೂ ಕಲಿಸಬೇಕಾಗಿಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಇದೇ ಮಲಪ್ರಭೆಯ ಸೀಮೆಯ ಮೂಲಕ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ಈ ಭಾಗದ ಐತಿಹ್ಯ. ಇತಿಹಾಸಕಾರರು ಅದನ್ನು ಹೇಗಾದರೂ ತೂಗಿ ನೋಡಲಿ. ವಚನಗಳು ಉಳಿದದ್ದು ಮಾತ್ರ ಊರೂರಿನ ಮಠಗಳಲ್ಲಿ, ಮನೆಗಳ ಜಗಲಿಗಳ ಮೇಲೆ ಪ್ರತಿಯಾಗಿ ಹರಡಿದ್ದರಿಂದ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಕುಳಿತು ತಾಡೋಲೆಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಅಚ್ಚು ಮಾಡಿಸಿದಾಗ ಅವರ ಕೈಗೆ ಸಿಕ್ಕದ್ದು ಇಂಥ ಹರಡಿದ ಪ್ರತಿಗಳೇ. ಎಲ್ಲವೂ ಒಂದೇ ಭಂಡಾರದಲ್ಲಿದ್ದು ಅದಕ್ಕೊಮ್ಮೆ ಬೆಂಕಿ ಬಿದ್ದಿದ್ದರೆ?

ಅದರಿಂದ ಮೂರನೆಯದೊಂದು ಡಿಸ್ಕನ್ನು ಕೊಳ್ಳಬೇಕು. ಇದು ಹಂಚಿನ ಜಾತಿಯ ಅಗ್ಗದ್ದಾದರೂ ಅಡ್ಡಿಯಿಲ್ಲ. ಧಾರವಾಡದಲ್ಲಿ ಓದುವ ಮಗನ ಕೋಣೆಯಲ್ಲಿಯೋ, ಬೈಲಹೊಂಗಲಕ್ಕೆ ಕೊಟ್ಟ ಮಗಳ ಮನೆಯ ಕಪಾಟಿನಲ್ಲಿಯೋ ಅದು ಇರಲಿ. ಯುಗಾದಿಗೆ, ದಸರೆಗೆ ಅವರು ಊರಿಗೆ ಬರುವಾಗ ತರಲಿ. ಆರು ತಿಂಗಳಲ್ಲಿ ಸೇರಿದ್ದನ್ನು ತುಂಬಿಸಿಕೊಂಡು ಹೋಗಲಿ. ತಿಂಗಳ ಬಾಡಿಗೆಯ ಕ್ಲೌಡ್ ಇದೆಯಲ್ಲ ಎನ್ನುವವರಿಗೆ ನನ್ನ ಅಡ್ಡಿಯಿಲ್ಲ. ಬಾಡಿಗೆ ನಿಂತ ತಿಂಗಳು ಏನಾಗುತ್ತದೆಂಬುದನ್ನು ಮಾತ್ರ ಮೊದಲೇ ಓದಿಕೊಳ್ಳಲಿ.

ತುಂಬುವಾಗ ಹೆಸರು ಬರೆಯುವುದನ್ನು ಮರೆಯಬಾರದು. ‘ಆಡಿಯೊ 17’ ಎಂಬ ಹೆಸರಿನಲ್ಲಿ ಅಜ್ಜಿಯನ್ನು ಇಪ್ಪತ್ತು ವರ್ಷಗಳ ಮೇಲೆ ಯಾರೂ ಗುರುತಿಸಲಾರರು. ಹಾಡಿದವರು, ಊರು, ವರ್ಷ, ಹಾಡಿನ ಮೊದಲ ಮಾತು ಇಷ್ಟಾದರೂ ಕಡತದ ಹೆಸರಿನಲ್ಲಿರಬೇಕು. ಮೇಳದಲ್ಲಿ ತಾಳ ಹಿಡಿದವರಾರು, ಹಿಂದೆ ಕೆಮ್ಮಿದವರಾರು ಎಂಬುದನ್ನು ಹೇಳಬಲ್ಲವರು ಓಣಿಯಲ್ಲಿ ಇನ್ನೂ ಒಬ್ಬಿಬ್ಬರಿರುತ್ತಾರೆ. ಡಿಸ್ಕು ಮುಂದಿನ ತಿಂಗಳು ಕೊಂಡರೂ ನಡೆದೀತು. ಕ್ಯಾಸೆಟ್ಟನ್ನು ಅವರ ಮುಂದೆ ಹಚ್ಚಿ ಕೇಳಿ ಬರೆದುಕೊಳ್ಳುವುದು ಈ ವಾರವೇ ಆಗಲಿ.