ಜಮಖಂಡಿ: ದೊರೆಯಿಲ್ಲದ ರಾಜಧಾನಿ

ರಾಜ್ಯವಳಿದ ಮೇಲೂ ರಾಜಧಾನಿಯ ಠೀವಿಯನ್ನು ಬಿಟ್ಟುಕೊಡದ ಊರು ಜಮಖಂಡಿ. 1811ರಲ್ಲಿ ಸ್ಥಾಪಿತವಾಗಿ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಪಟವರ್ಧನರ ಸಂಸ್ಥಾನಕ್ಕೆ ಇದು ಮುಖ್ಯಪಟ್ಟಣವಾಗಿದ್ದಿತು. ಆ ಸಂಸ್ಥಾನವಾದರೋ ಒಂದೇ ಭೂಭಾಗವಾಗಿರದೆ ತುಂಡುತುಂಡಾಗಿ ಚದರಿಕೊಂಡಿದ್ದುದರಿಂದ, ಹುಬ್ಬಳ್ಳಿಯ ಸನಿಹದ ಕುಂದಗೋಳದ ರೈತನೂ ಜಮಖಂಡಿಯ ಪ್ರಜೆಯೇ ಆಗಿದ್ದನು. ತನ್ನ ದೊರೆಯ ಕಚೇರಿಯ ಮೆಟ್ಟಿಲನ್ನು ಹತ್ತಬೇಕಾದರೆ ಅವನು ಬ್ರಿಟಿಷರ ಮುಲುಕನ್ನು ಹಾದುಬರಬೇಕಾಗಿದ್ದಿತು. ವಿನೋದವೆಂದರೆ, ಕುಂದಗೋಳಕ್ಕೆ ಉಗಿಬಂಡಿ ಬಂದಿದ್ದಿತು, ರಾಜಧಾನಿಗೆ ಬಂದಿರಲಿಲ್ಲ.

ಇಂದಿಗೂ ಬಂದಿಲ್ಲ. ಬಾಗಲಕೋಟೆ–ಕುಡಚಿ ಮಾರ್ಗದ ಮಾತು ಊರಿನ ಚಹದಂಗಡಿಗಳಲ್ಲಿ ಹಳತಾಗಿದೆ. ರೈಲು ಬರುವವರೆಗೆ ಯಾತ್ರಿಕನಿಗೆ ಬಸ್ಸೇ ಗತಿ. ಕುಡಚಿಯ ನಿಲ್ದಾಣದಲ್ಲಿಳಿದು, ತೇರದಾಳವನ್ನು ದಾಟಿ, ರಬಕವಿ-ಬನಹಟ್ಟಿಗಳ ಮಗ್ಗಗಳ ಖಟಖಟ ಶಬ್ದವನ್ನು ಕಿವಿಗೆ ತುಂಬಿಕೊಳ್ಳುತ್ತ ಪಶ್ಚಿಮದಿಂದ ಬರಬಹುದು. ಮುಧೋಳದ ಕಡೆಯಿಂದಲೂ ಬರಬಹುದು. ಆದರೆ ನನ್ನನ್ನು ಕೇಳಿದರೆ, ವಿಜಯಪುರದಿಂದ ಹೊರಟು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಯನ್ನು ದಾಟಿ ಬರುವುದೇ ಲೇಸು. ಸರಕಾರದ ದಾರಿ ಕಾಯ್ದು ಬೇಸತ್ತ ನದೀತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, 1989ರಲ್ಲಿ ಕಟ್ಟಿ ನಿಲ್ಲಿಸಿದ ಬ್ಯಾರೇಜು ಅಲ್ಲಿದೆ. ಬಿಸಿಲಿಗೆ ಬಾಯ್ದೆರೆದ ಎರೆಯ ಹೊಲಗಳು ಹಿಂದಾಗಿ ಕಬ್ಬಿನ ಹಸುರು ಎದುರಾಗುವುದನ್ನು ಕಂಡವನಿಗೆ ಮುಂದಿನ ಪೇಟೆಯ ಗದ್ದಲಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು.

ಊರೊಳಗೆ ಸುತ್ತಲು ಆಟೋ, ಟಂಟಂಗಳಿಗೆ ಕೊರತೆಯಿಲ್ಲ. ಆದರೂ ಹಳೆಯ ಪೇಟೆಯನ್ನು ನಡೆದೇ ನೋಡತಕ್ಕದ್ದು. ಹೊಸಬರು ಬಸ್ಸಿನಿಂದಿಳಿದೊಡನೆ ರಾಮತೀರ್ಥದ ಗುಡ್ಡಕ್ಕೆ ಧಾವಿಸುವರು. ಇದು ತಲೆಕೆಳಗಾದ ಕ್ರಮವೆಂದು ನನ್ನ ಭಾವನೆ. ಮೊದಲು ಜಂಬುಕೇಶ್ವರನ ದರ್ಶನವಾಗಲಿ. ಅನಂತರ ಪರಶುರಾಮಭಾವು ಪ್ರೌಢಶಾಲೆಯನ್ನು ಹೊರಗಿನಿಂದಲಾದರೂ ನೋಡಿರಿ. 1886ರಲ್ಲಿ ಈ ಊರಿನಲ್ಲಿಯೇ ಜನಿಸಿ, ಮುಂದೆ ಅಲಹಾಬಾದ ವಿಶ್ವವಿದ್ಯಾಲಯದ ಕುಲಪತಿಪದವಿಗೇರಿ, ಕಡೆಗೆ ನಿಂಬಾಳದಲ್ಲಿ ನೆಲೆನಿಂತ ಗುರುದೇವ ರಾನಡೆಯವರು ಓದಿದ ಶಾಲೆಯದು. ಸಾವಳಗಿಯಲ್ಲಿ ಹುಟ್ಟಿ, ಇಲ್ಲಿ ವಕೀಲಿ ನಡೆಸಿ, ಪುರಸಭೆಯ ಅಧ್ಯಕ್ಷರೂ ಸಂಸ್ಥಾನದ ಪ್ರಧಾನಿಯೂ ಆಗಿ, ಮೈಸೂರಿನ ಮುಖ್ಯಮಂತ್ರಿಗಳಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳಾದ ಬಿ.ಡಿ. ಜತ್ತಿಯವರು ಓಡಾಡಿದ್ದೂ ಈ ಬೀದಿಗಳಲ್ಲಿಯೇ. ದರಬಾರಿನ ಮರಾಠಿಯೂ ಸಂತೆಯ ಕನ್ನಡವೂ ಒಂದೇ ಕಟ್ಟೆಯ ಮೇಲೆ ಕುಳಿತ ಊರಿದು. ಹಿರಿಯರ ಹರಟೆಯಲ್ಲಿ ಆ ಕೂಡುವಿಕೆ ಈಗಲೂ ಕಿವಿಗೆ ಬೀಳುವುದು.

ಇಷ್ಟಾದ ಮೇಲೆ, ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾಹಿಂಡಿ, ಗಟ್ಟಿ ಮೊಸರುಗಳ ಊಟ ಮುಗಿಸಿ, ಬಿಸಿಲಿಳಿದ ಹೊತ್ತಿಗೆ ಗುಡ್ಡವನ್ನೇರಬೇಕು. ಶಿವಾಲಯವೂ ಪಟವರ್ಧನರ ಅರಮನೆಯೂ ಅಲ್ಲಿವೆ. ಒಳಪ್ರವೇಶದ ವಿಷಯವನ್ನು ಬಾಗಿಲಲ್ಲಿಯೇ ವಿಚಾರಿಸಿಕೊಳ್ಳುವುದು ಒಳಿತು. ಒಳಗೆ ಬಿಡದಿದ್ದರೂ ನಷ್ಟವಿಲ್ಲ. ಈಗಾಗಲೇ ಕಾಲಾಡಿಸಿದ ಓಣಿಗಳನ್ನು ಮೇಲಿನಿಂದ ಗುರುತಿಸುವ ಸುಖವೇ ಸಾಕು.

ಚೈತ್ರ-ವೈಶಾಖಗಳ ಬೇಗೆಯಲ್ಲಿ ಬರುವುದು ಬೇಡ. ಮಾರ್ಗಶಿರದಲ್ಲಿ ಬಂದರೆ ಹವೆ ಹಿತವಾಗಿರುವುದು ನಿಜ. ಆದರೆ ಅದು ಕಾರಖಾನೆಗಳು ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರುಗಳಲ್ಲಿ ಕಬ್ಬನ್ನು ಹೇರಿಕೊಂಡು, ಹಾಡನ್ನು ಗಟ್ಟಿಯಾಗಿ ಹಚ್ಚಿ, ರಸ್ತೆಯ ನಡುವೆಯೇ ಸಾಗುವ ಟ್ರ್ಯಾಕ್ಟರಿನ ಬೆನ್ನಿಗೆ ನಿಮ್ಮ ಬಸ್ಸು ಬಿದ್ದಿತೆಂದರೆ, ವೇಳಾಪಟ್ಟಿಯನ್ನು ಮಡಿಸಿ ಕಿಸೆಯಲ್ಲಿಡುವುದೇ ಜಾಣತನ.